ದಾರಿ ಬಿಡುವ ಧರ್ಮ

ನೆಲದ ಮೇಲೆ ಮನೆಯನ್ನು ಕಟ್ಟದೆ, ಹಾಯಿಯುಳ್ಳ ಚಿಕ್ಕದೊಂದು ವಿಹಾರನೌಕೆಯಲ್ಲಿಯೇ ಅಡಿಗೆ, ನಿದ್ರೆ, ವ್ಯಾಸಂಗಗಳನ್ನು ನಡೆಸುತ್ತ ಬಂದರಿನಿಂದ ಬಂದರಿಗೆ ಸಂಚರಿಸುವ ಜನರು ಲೋಕದಲ್ಲಿ ಅಲ್ಲಲ್ಲಿ ಇದ್ದಾರೆ. ಯಾಟ್ ಎಂಬ ಹೆಸರಿನ ಇಂಥ ನೌಕೆಗಳು ಮುಂಬಯಿಯಲ್ಲಿ ಗೇಟ್‌ವೇ ಆಫ್ ಇಂಡಿಯಾದ ಎದುರಿಗೂ ಲಂಗರು ಹಾಕಿ ನಿಲ್ಲುವುದುಂಟು. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ 24 ಗುರುಗಳನ್ನು ಎಣಿಸುವಾಗ, ತನಗೆಂದು ಮನೆ ಕಟ್ಟಿಕೊಳ್ಳದ ಸರ್ಪವನ್ನೂ, ಹೊಳೆಗಳು ಎಷ್ಟು ಬಂದರೂ ಉಬ್ಬದ ಸಮುದ್ರವನ್ನೂ ಸೇರಿಸಿದ್ದಾನೆ. ನಮ್ಮ ನೌಕಾವಾಸಿಯು ಈ ಇಬ್ಬರು ಗುರುಗಳ ಶಿಷ್ಯನೆಂದೇ ಮೊದಲ ನೋಟಕ್ಕೆ ತೋರುವನು. ಆದರೆ ಸಹಸ್ರಾರು ಜನರ ಅನ್ನವು ಹುಟ್ಟುವ ಬಂದರಿನಲ್ಲಿ ಅವನ ಸ್ವಾತಂತ್ರ್ಯಕ್ಕೆ ಎಲ್ಲೆ ಯಾವುದು? ಅಲ್ಲಿ ಯಾರು ಯಾರಿಗೆ ದಾರಿ ಬಿಡತಕ್ಕದ್ದು? ಈ ಪ್ರಶ್ನೆಯು ನೀರಿಗೆ ಮಾತ್ರ ಸಂಬಂಧಿಸಿದುದಲ್ಲವೆಂದು ತೋರುವುದರಿಂದ ಇಲ್ಲಿ ವಿಚಾರಿಸಲಾಗಿದೆ.

ನ್ಯಾಮತಿಯ ಸೀಮೆಯವರಾದ ನಮಗೆ ಹೊಳೆಯೆಂದರೆ ತುಂಗಭದ್ರೆ, ನೌಕೆಯೆಂದರೆ ಹರಿಗೋಲು. ಆದರೆ ತುಂಗೆ ಭದ್ರೆಯರೊಡನೆ ಗಂಗಾಮೂಲದಲ್ಲಿಯೇ ಹುಟ್ಟಿದವಳೆಂದು ನಂಬಿಕೆಯುಳ್ಳ ನೇತ್ರಾವತಿಯು ಪಡುವಣಕ್ಕಿಳಿದು, ಮಂಗಳೂರಿನಲ್ಲಿ ಗುರುಪುರದ ಹೊಳೆಯೊಡನೆ ಕೂಡಿ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತಾಳೆ. ಅಲ್ಲಿಯ ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಕಟ್ಟಡದ ಸಾಮಗ್ರಿಗಳನ್ನು ಹೊರುವ ಮಂಜಿಗಳನ್ನೂ, ಧಕ್ಕೆಯಲ್ಲಿ ಒತ್ತೊತ್ತಾಗಿ ನಿಂತ ಮೀನುದೋಣಿಗಳನ್ನೂ ಕಾಣಬಹುದು. ಆಳಸಮುದ್ರಕ್ಕೆ ಹೋಗುವ ದೋಣಿಯವರಿಗೆ ಒಂದೊಂದು ಯಾತ್ರೆಯಲ್ಲಿ ವಾರಕ್ಕೂ ಮೀರಿ ದೋಣಿಯೇ ಮನೆ. ವಿಹಾರಿಗೂ ಇವರಿಗೂ ಮಲಗುವ ಸ್ಥಳವು ಒಂದೇ ಅಳತೆಯದಾಗಿರಬಹುದು. ಆದರೆ ಒಬ್ಬನದು ಆಯ್ಕೆ, ಇನ್ನೊಬ್ಬನದು ನಿರ್ಬಂಧ. ಇರುವುದನ್ನು ಬಿಟ್ಟರೆ ಅಪರಿಗ್ರಹ. ಇಲ್ಲದುದು ಬರಿಯ ಕೊರತೆ. ವಿಹಾರಿಯು ಬೇಸರವಾದಾಗ ದಡವನ್ನು ಸೇರಬಲ್ಲನು. 2020ರ ಸಾಂಕ್ರಾಮಿಕ ಕಾಲದಲ್ಲಾದರೋ ಲೋಕದಲ್ಲಿ ಸುಮಾರು 4 ಲಕ್ಷ ನಾವಿಕರು, ಕರಾರಿನ ಅವಧಿ ಮುಗಿದಿದ್ದರೂ ಹಡಗಿನಿಂದ ಇಳಿದು ಮನೆಗೆ ಹೋಗಲಾರದೆ ಉಳಿದರು.

ಇನ್ನು ದಾರಿಯ ವಿಷಯ. 1972ರಲ್ಲಿ ಅಂಗೀಕೃತವಾಗಿ 1977ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳು ಹಡಗುಗಳ ಪರಸ್ಪರ ನಡೆವಳಿಕೆಯನ್ನು ಗೊತ್ತುಪಡಿಸಿವೆ. ವಿಶಾಲವಾದ ಕಡಲಿನಲ್ಲಿ ಯಂತ್ರದ ಹಡಗು ಹಾಯಿಯ ನೌಕೆಗೆ ದಾರಿ ಬಿಡಬೇಕು. ಏಕೆಂದರೆ ಗಾಳಿಯ ಅಧೀನದಲ್ಲಿರುವವನು ಬೇಕಾದ ದಿಕ್ಕಿಗೆ ತಿರುಗಲಾರನು, ಯಂತ್ರವುಳ್ಳವನು ತಿರುಗಬಲ್ಲನು. ಆದರೆ ಬಂದರಿನ ಇಕ್ಕಟ್ಟಾದ ಕಾಲುವೆಯೊಳಗೆ ಕ್ರಮವು ತಲೆಕೆಳಗಾಗುತ್ತದೆ. ಅಲ್ಲಿ ಹಾಯಿಯ ನೌಕೆಯೂ, 20 ಮೀಟರಿಗಿಂತ ಚಿಕ್ಕದಾದ ಯಾವ ನೌಕೆಯೂ, ಆ ಕಾಲುವೆಯನ್ನು ಬಿಟ್ಟರೆ ಬೇರೆ ಗತಿಯಿಲ್ಲದ ದೊಡ್ಡ ಹಡಗಿಗೆ ಅಡ್ಡಿಯಾಗಕೂಡದು. ದೊಡ್ಡವನಿಗೆ ಮರ್ಯಾದೆಯೆಂದು ಹೀಗೆ ವಿಧಿಸಿದುದಲ್ಲ. ಅವನು ಪಕ್ಕಕ್ಕೆ ಸರಿದರೆ ನೆಲ ತಗಲುವನು, ಚಿಕ್ಕವನಿಗೆ ಪಕ್ಕದಲ್ಲಿ ನೀರಿದೆ. ಎರಡು ಕಡೆಯಲ್ಲಿಯೂ ತತ್ತ್ವವು ಒಂದೇ: ಸರಿಯಬಲ್ಲವನು ಸರಿಯಬೇಕು.

ನಮ್ಮ ಹಿರಿಯರೂ ಇದನ್ನು ಅರಿಯದವರಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರಿಗೆ ದಾರಿ ಬಿಡಬೇಕೆಂಬ ಪಟ್ಟಿಯೊಂದಿದೆ. ಅದರಲ್ಲಿ ರಾಜನೂ ಸ್ನಾತಕನೂ ಇದ್ದಾರೆ, ನಿಜ. ಆದರೆ ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ ಇವರೂ ಇದ್ದಾರೆ. ಆ ಗ್ರಂಥದ ಎಲ್ಲ ವಿಧಿಗಳನ್ನೂ ಇಂದು ಒಪ್ಪಲಾಗದು. ಆದರೂ ಹೊರೆಯಾಳು ರಾಜನಿರುವ ಪಟ್ಟಿಯಲ್ಲಿಯೇ ಸ್ಥಾನ ಪಡೆದಿರುವುದು ಗಮನಾರ್ಹವಾಗಿದೆ.

ಇಲ್ಲೊಂದು ಆಕ್ಷೇಪವು ಏಳುತ್ತದೆ. ಬಲಿಷ್ಠನಾದವನು ತಾನು ತಿರುಗಲಾರೆನೆಂದು ಸದಾ ಹೇಳಿಕೊಳ್ಳಬಹುದಷ್ಟೆ? ಹೀಗಾದರೆ ಈ ತತ್ತ್ವವೇ ದುರ್ಬಲನನ್ನು ತುಳಿಯುವ ಸಾಧನವಾಗದೆ? ಆಕ್ಷೇಪವು ಯುಕ್ತವಾದುದೇ. ಆದರೆ ಅದಕ್ಕೆ ಉತ್ತರವೂ ಅದೇ ನಿಯಮಗಳಲ್ಲಿದೆ. ಅಶಕ್ತಿಯು ನಿಜವಾದುದಾಗಿರಬೇಕು, ಮತ್ತು ದಾರಿಯನ್ನು ಪಡೆದವನಿಗೂ ಘಾತವನ್ನು ತಪ್ಪಿಸುವ ಹೊಣೆ ತಪ್ಪದು, ಸುರಕ್ಷಿತವಾದ ವೇಗದಲ್ಲಿಯೇ ಅವನೂ ಚಲಿಸತಕ್ಕದ್ದು. 2024ರ ಡಿಸೆಂಬರ್ 18ರಂದು ಮುಂಬಯಿಯ ಬಂದರಿನಲ್ಲಿ, ಯಂತ್ರದ ಪರೀಕ್ಷೆಗೆಂದು ಓಡುತ್ತಿದ್ದ ನೌಕಾಪಡೆಯ ವೇಗದೋಣಿಯೊಂದು ಹತೋಟಿ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲವೆಂಬ ಪ್ರಯಾಣಿಕರ ದೋಣಿಗೆ ಬಡಿಯಲು, ಹತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಕಿಕ್ಕಿರಿದ ನೀರಿನಲ್ಲಿ ಒಬ್ಬನ ವೇಗವು ಅವನೊಬ್ಬನ ವಿಷಯವಲ್ಲ.

ಈ ಧರ್ಮವು ಬಂದರಿಗೆ ಎಷ್ಟು ಸಲ್ಲುವುದೋ ಮನೆಗೂ ಅಷ್ಟೇ ಸಲ್ಲುವುದು. ನಮ್ಮೂರುಗಳ ಅನೇಕ ವೃದ್ಧರು ಇಂದು ಬೆಂಗಳೂರಿನಲ್ಲಿ ಮಕ್ಕಳ ಎರಡು ಕೋಣೆಯ ಮನೆಗಳಲ್ಲಿ, ನೌಕೆಯಲ್ಲಿ ವಾಸಿಸುವವರಂತೆಯೇ ಇಕ್ಕಟ್ಟಿನಲ್ಲಿದ್ದಾರೆ. ಹಳ್ಳಿಯ ದೊಡ್ಡ ಮನೆಯಲ್ಲಿ ಕಿರಿಯರು ಹಿರಿಯರಿಗೆ ಸರಿದು ನಿಲ್ಲುತ್ತಿದ್ದುದು ಸರಿಯಾಗಿಯೇ ಇತ್ತು. ಸರಿಯಲು ಸ್ಥಳವೂ ಕಾಲವೂ ಕಿರಿಯರಿಗಿದ್ದುವು. ಪಟ್ಟಣದಲ್ಲಿ ಬೆಳಗಿನ ಏಳು ಗಂಟೆಗೆ ಮಗುವಿಗೆ ಬುತ್ತಿ ಕಟ್ಟಿ, ತಾನೂ ಕಚೇರಿಗೆ ಹೊರಡಬೇಕಾದ ಸೊಸೆಯು ಇಕ್ಕಟ್ಟಾದ ಕಾಲುವೆಯೊಳಗಿನ ಭಾರದ ಹಡಗು. ಮಾವನಿಗೆ ಜ್ವರವಾಗಲಿ ನಿಶ್ಶಕ್ತಿಯಾಗಲಿ ಇದ್ದರೆ ಅವನೇ ಮೊದಲು, ಅದರಲ್ಲಿ ಸಂದೇಹವಿಲ್ಲ. ಆರೋಗ್ಯವಾಗಿದ್ದು ದಿನವೆಲ್ಲ ಬಿಡುವುಳ್ಳವನಾದರೆ, ಸ್ನಾನವನ್ನು ಒಂದು ಗಂಟೆ ತಡೆದು ಮಾಡುವುದೂ, ತನ್ನ ಕಾಫಿಯನ್ನು ತಾನೇ ಬೆರಸಿಕೊಳ್ಳುವುದೂ ಅವನ ಹಿರಿತನಕ್ಕೆ ಕುಂದಲ್ಲ. ಹಾಗೆಯೇ ಮಗನೂ ಸೊಸೆಯೂ ಭಾನುವಾರದ ವಿರಾಮದಲ್ಲಿ, ಮೆಲ್ಲನೆ ನಡೆಯುವ ಮುದುಕರ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಅಳವಡಿಸಿಕೊಳ್ಳಬೇಕು. ಆ ದಿನ ಅವರ ಪಾಲಿಗೆ ವಿಶಾಲವಾದ ಕಡಲಿದೆ.

ಹೀಗೆ ನೋಡಿದರೆ, ದಾರಿ ಬಿಡುವುದು ಸೋಲಿನ ಗುರುತಲ್ಲ, ಶಕ್ತಿಯ ಗುರುತು. ಯಾರು ದೊಡ್ಡವರೆಂದು ಕೇಳುವುದಕ್ಕೆ ಮೊದಲು ಈ ಕ್ಷಣದಲ್ಲಿ ಯಾರು ಸರಿಯಬಲ್ಲರೆಂದು ಕೇಳುವುದನ್ನು ಕಲಿತ ಮನೆಯಲ್ಲಿ, ಸ್ಥಳವು ಎಷ್ಟೇ ಕಿರಿದಾಗಿರಲಿ, ಒಬ್ಬರಿಗೊಬ್ಬರು ತಗಲದೆ ಬಾಳುವರು.