ಚಾಕು ತೊಳೆಯುವ ಪಾಳಿ

ಬೆಳಿಗ್ಗೆ ಮತ್ತು ಮಧ್ಯಾಹ್ನ ಭೋಜನಶಾಲೆಯ ಮೊದಲ ಸಾಲಿನ ಮೇಜುಗಳಿಂದ ಚಾಕುಗಳನ್ನು ಎತ್ತಿಕೊಂಡು ಹೋಗಬೇಕು. ರಾತ್ರಿ ಅಷ್ಟೂ ಚಾಕುಗಳನ್ನು ತೊಳೆದು ಒರೆಸಬೇಕು. 1847ರಲ್ಲಿ ಅಮೆರಿಕದ ಸೌತ್ ಹ್ಯಾಡ್ಲಿ ಎಂಬ ಊರಿನ ಮೌಂಟ್ ಹೋಲಿಯೋಕ್ ವಿದ್ಯಾಲಯಕ್ಕೆ ಬಂದ ಹದಿನಾರರ ಎಮಿಲಿ ಡಿಕಿನ್ಸನ್‌ಳ ಪಾಲಿಗೆ ಬಿದ್ದ ಕೆಲಸ ಇದು. ಅಲ್ಲಿ ಆಳುಕಾಳು ಇರಲಿಲ್ಲ. ಫೀಸು ಕಡಿಮೆಯಾಗಲಿ ಎಂದು ಮನೆಗೆಲಸವನ್ನೆಲ್ಲ ಹುಡುಗಿಯರೇ ಹಂಚಿಕೊಳ್ಳಬೇಕೆಂದು ಸ್ಥಾಪಕಿ ಮೇರಿ ಲಯನ್ ಗೊತ್ತುಮಾಡಿದ್ದರು.

ಇದನ್ನೆಲ್ಲ ಅವಳೇ ಗೆಳತಿ ಅಬಯಾ ರೂಟ್‌ಗೆ ಬರೆದಿದ್ದಾಳೆ. ಬರುತ್ತಲೇ ಮೂರು ದಿನ ಪರೀಕ್ಷೆ. ಹೊತ್ತಿಗೆ ಸರಿಯಾಗಿ ಮುಗಿಸದವರು ಗಂಟುಮೂಟೆ ಕಟ್ಟಬೇಕು. ಆರಕ್ಕೆ ಏಳುವುದು, ಏಳಕ್ಕೆ ತಿಂಡಿ, ಎಂಟಕ್ಕೆ ಓದು, ಒಂಬತ್ತಕ್ಕೆ ಪ್ರಾರ್ಥನೆ. ಮಧ್ಯಾಹ್ನ ಹಾಡು, ಪಿಯಾನೋ. ಮೂರೂ ಮುಕ್ಕಾಲಿಗೆ ಆ ದಿನದ ಲೆಕ್ಕ ಒಪ್ಪಿಸುವುದು: ತಡವಾಗಿ ಬಂದೆನೇ, ಮೌನದ ಹೊತ್ತಿನಲ್ಲಿ ಮಾತಾಡಿದೆನೇ, ಕೋಣೆಗೆ ಯಾರನ್ನಾದರೂ ಸೇರಿಸಿಕೊಂಡೆನೇ. ರಾತ್ರಿ ಎಂಟೂ ಮುಕ್ಕಾಲಿಗೆ ಮಲಗುವ ಗಂಟೆ. ಆ್ಯಮ್‌ಹರ್ಸ್ಟ್‌ನ ಅವಳ ಮನೆ ಅಲ್ಲಿಂದ ಬರೀ ಹದಿನಾರು ಕಿಲೋಮೀಟರು. ಆದರೂ ಮೊದಲ ಕೆಲವು ದಿನ ಮನೆ ನೆನಪಾಗಿ, ಇಲ್ಲಿ ನಾನು ಬದುಕಲಾರೆ ಅನ್ನಿಸಿತ್ತಂತೆ. ಆಮೇಲೆ ಹೊಂದಿಕೊಂಡಳು. ಮೇಡಂಗಳು ಒಳ್ಳೆಯವರು, ಊಟ ಅಂದುಕೊಂಡದ್ದಕ್ಕಿಂತ ವಾಸಿ ಎಂದೂ ಬರೆದಿದ್ದಾಳೆ. ಅಣ್ಣ ಆಸ್ಟಿನ್‌ಗೆ ಬರೆದ ಕಾಗದದಲ್ಲಂತೂ ಬರೀ ತುಂಟತನ. ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಯಾರು ನಿಂತಿದ್ದಾರೆ, ಮೆಕ್ಸಿಕೋ ಯುದ್ಧ ಮುಗಿಯಿತೇ, ಸೌತ್ ಹ್ಯಾಡ್ಲಿಗೆ ಯಾವುದಾದರೂ ದೇಶ ಮುತ್ತಿಗೆ ಹಾಕುವುದಿದೆಯೇ, ಇಲ್ಲಿ ನಮಗೆ ಏನೂ ತಿಳಿಯುವುದಿಲ್ಲ ಎಂಬ ದೂರು.

ಕಷ್ಟ ಬಂದದ್ದು ಚಾಕುಗಳಿಂದಲ್ಲ. ಮೇರಿ ಲಯನ್ ದೊಡ್ಡ ಹೆಂಗಸು, ಹುಡುಗಿಯರಿಗೆ ಕೆಮಿಸ್ಟ್ರಿ ಯಾತಕ್ಕೆ ಎನ್ನುವವರ ನಡುವೆ ತಾವೇ ಕೆಮಿಸ್ಟ್ರಿ ಕಲಿಸಿದವರು. ಆದರೆ ಅವರಿಗೆ ಮಕ್ಕಳ ಓದಿನಷ್ಟೇ ಆತ್ಮದ ಚಿಂತೆಯೂ ಇತ್ತು. ಕ್ರಿಸ್ತನಲ್ಲಿ ನಂಬಿಕೆ ಗಟ್ಟಿಯಾದವರು, ಭರವಸೆ ಉಳ್ಳವರು, ಭರವಸೆ ಇಲ್ಲದವರು ಎಂದು ಹುಡುಗಿಯರನ್ನು ಮೂರು ಗುಂಪು ಮಾಡಿದ್ದರು. ಎಮಿಲಿ ಮೂರನೆಯದರಲ್ಲಿದ್ದಳು. ಸಭೆಗಳಾದವು, ಪ್ರಾರ್ಥನೆಗಳಾದವು, ಜೊತೆಯವರು ಒಬ್ಬೊಬ್ಬರಾಗಿ ಆಚೆ ಗುಂಪಿಗೆ ದಾಟಿದರು. ವರ್ಷ ಮುಗಿದಾಗಲೂ ಅವಳು ಇದ್ದಲ್ಲೇ ಇದ್ದಳು. ಇದನ್ನು ಬಂಡಾಯ ಎಂದು ಬಣ್ಣಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವಕಾಶ ಕಳೆದುಕೊಂಡೆನಲ್ಲ ಎಂದು 1848ರ ಮೇ ತಿಂಗಳಲ್ಲಿ ಗೆಳತಿಗೆ ಬರೆದು ಕೊರಗಿದ್ದಾಳೆ. ಒಳಗೆ ಇಲ್ಲದ್ದನ್ನು ಇದೆ ಎಂದು ಹೇಳಲು ಬಾಯಿ ಬರಲಿಲ್ಲ, ಅಷ್ಟೆ. ಆ ನಡುವೆ ಕೆಮ್ಮು ಹಿಡಿದು ಕೆಲವು ವಾರ ಮನೆಯಲ್ಲಿದ್ದಳು. ಇನ್ನೊಂದು ವರ್ಷ ಕಳಿಸುವುದು ಬೇಡ ಎಂದು ಅಪ್ಪ ನಿಶ್ಚಯಿಸಿದರು. ಆಗಸ್ಟಿಗೆ ಕಾಲೇಜು ಮುಗಿಯಿತು.

ನನಗೆ ಬೆರಗು ಹುಟ್ಟುವುದು ಇಲ್ಲಿ. ಆ ವರ್ಷದ ಒಂದೇ ಒಂದು ಕವಿತೆಯೂ ನಮಗೆ ಸಿಕ್ಕಿಲ್ಲ. ಉಳಿದಿರುವ ಮೊದಲ ಕವಿತೆ 1850ರದು, ಪ್ರೇಮಿಗಳ ದಿನಕ್ಕೆಂದು ಬರೆದ ತಮಾಷೆಯ ಪದ್ಯ. ಮುಂದೆ ಹದಿನೆಂಟುನೂರರ ಹತ್ತಿರ ಕವಿತೆ ಬರೆದು, ನಲವತ್ತು ಪುಟ್ಟ ಕಟ್ಟುಗಳನ್ನು ತಾನೇ ದಾರ ಹಾಕಿ ಹೊಲಿದಿಟ್ಟು, 1886ರಲ್ಲಿ ತೀರಿಕೊಂಡವಳು ಆ ಹತ್ತು ತಿಂಗಳು ಎಲ್ಲಿ ಅಡಗಿದ್ದಳು? ಚಾಕು ಒರೆಸುವ ಹೊತ್ತಿನಲ್ಲಿ ಒಂದು ಸಾಲಾದರೂ ಹೊಳೆದಿತ್ತೇ? ಮೊಳಕೆ ಕಂಡಿತೆಂದು ತೋರಿಸಲು ನಮಗೆಲ್ಲ ಆಸೆ. ಕೆಮಿಸ್ಟ್ರಿ ಪುಸ್ತಕದಲ್ಲಿ, ಪ್ರಾರ್ಥನೆಯ ಲಯದಲ್ಲಿ, ಅಣ್ಣನಿಗೆ ಬರೆದ ಚೇಷ್ಟೆಯಲ್ಲಿ ಹುಡುಕುತ್ತೇವೆ. ಎಲ್ಲದರಲ್ಲೂ ಒಂದಿಷ್ಟು ಸಿಗುತ್ತದೆ. ಎಲ್ಲ ಕೂಡಿಸಿದರೂ ಆ ಕವಿತೆಗಳಾಗುವುದಿಲ್ಲ. ಮೇರಿ ಲಯನ್ ಜಾಣೆ, ಮನುಷ್ಯರನ್ನು ಓದಬಲ್ಲವರು, ದಿನವೂ ಎದುರಿಗೆ ಕಂಡವರು. ಅವರಿಗೂ ಕಾಣಲಿಲ್ಲ. 1849ರ ಮಾರ್ಚಿನಲ್ಲಿ ಅವರು ಹೋಗಿಬಿಟ್ಟರು.

ನಾನು ಸಣ್ಣ ಊರೊಂದರ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ ಒಬ್ಬಳಾದರೂ ಇರುತ್ತಾಳೆ: ಹೆಸರು ಕೂಗಿದರೆ ಕೈ ಮಾತ್ರ ಎತ್ತುವವಳು, ಎದ್ದು ನಿಂತು ಪರಿಚಯ ಹೇಳು ಎಂದರೆ ಬೆಂಚಿನ ಅಂಚು ಹಿಡಿದು, ‘ಬರಲ್ಲ ಮೇಡಂ’ ಎನ್ನುವವಳು. ನೋಟ್ಸಿನ ಹಿಂದಿನ ಹಾಳೆಯಲ್ಲಿ ಏನೋ ಗೀಚಿರುತ್ತದೆ, ನಾನು ಹತ್ತಿರ ಹೋದರೆ ಅಂಗೈ ಅದನ್ನು ಮುಚ್ಚುತ್ತದೆ. ಹೀಗೆ ಕೂತವರೆಲ್ಲ ಒಂದು ದಿನ ಅರಳುತ್ತಾರೆ ಎಂದು ಸಮಾರಂಭಗಳಲ್ಲಿ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಮಿಲಿ ಹಿಂತಿರುಗಿದ್ದು ವಕೀಲರ ಮನೆಗೆ. ತಾತ ಆ್ಯಮ್‌ಹರ್ಸ್ಟ್‌ನ ಕಾಲೇಜು ಕಟ್ಟಿದವರಲ್ಲಿ ಒಬ್ಬರು, ಅಪ್ಪ ಅದರ ಖಜಾಂಚಿ. ಮುಂದೆ ಅವಳಿಗೆಂದೇ ಒಂದು ಕೋಣೆ, ಒಂದು ಪುಟ್ಟ ಮೇಜು, ಮುಚ್ಚಿಕೊಳ್ಳಲು ಬಾಗಿಲು. ನನ್ನ ಕೊನೆಯ ಬೆಂಚಿನವಳು ಓದು ಬಿಟ್ಟು ಹಿಂತಿರುಗಿದರೆ ಅಲ್ಲಿ ಕಾದಿರುವುದು ಗಂಡಿನ ಕಡೆಯವರು. ಹಾಳೆ ಒಲೆಗೆ ಹೋಗುತ್ತದೆ. ಅದರಲ್ಲಿ ಏನಿತ್ತೆಂದು ಯಾವ ವಿದ್ವಾಂಸನೂ ಹುಡುಕುವುದಿಲ್ಲ. ಆ ಒಂದು ಸಂಕೋಚ ಕವಿತೆಯಾಯಿತೆಂಬ ಬೆರಗಿನ ಪಕ್ಕದಲ್ಲೇ, ಹಾಗಾಗದೆ ಹೋದ ಎಷ್ಟು ಸಂಕೋಚಗಳು ಸುಮ್ಮನೆ ಕರಗಿದವು ಎಂಬುದೂ ನನ್ನನ್ನು ಬಿಡುವುದಿಲ್ಲ.

ಈ ಸಲ ಡಿಕಿನ್ಸನ್ ಪಾಠಕ್ಕೆ ಮೊದಲು ಚಾಕುವಿನ ಕಥೆ ಹೇಳಿದೆ. ‘ಅದ್ರಲ್ಲೇನ್ ಮೇಡಂ, ನಮ್ ಹಾಸ್ಟೆಲ್ನಲ್ಲೂ ನಮ್ ತಟ್ಟೆ ನಾವೇ ತೊಳೀತೀವಿ’ ಎಂದಳು ಬಿಸಿಎಂ ಹಾಸ್ಟೆಲಿನ ಹುಡುಗಿ. ಕವಿ ದೊಡ್ಡವಳು ಎಂಬ ನನ್ನ ಪೀಠಿಕೆ ಅರ್ಧ ಅಲ್ಲೇ ಉದುರಿತು. ‘ಕಾಲೇಜು ಬಿಟ್ಮೇಲೆ ಏನ್ ಮಾಡಿದ್ರು?’ ಎಂದು ಇನ್ನೊಬ್ಬಳು. ಮನೆಯಲ್ಲಿ ಬ್ರೆಡ್ ಮಾಡುವುದು ಅವಳ ಕೆಲಸವಾಗಿತ್ತು, ಅಪ್ಪನಿಗೆ ಅವಳು ಮಾಡಿದ್ದೇ ಆಗಬೇಕಿತ್ತು ಎಂದೆ. 1856ರಲ್ಲಿ ಊರಿನ ದನಗಳ ಜಾತ್ರೆಯಲ್ಲಿ ಅವಳ ಬ್ರೆಡ್ಡಿಗೆ ಎರಡನೇ ಬಹುಮಾನ ಬಂತು, ಬದುಕಿದ್ದಾಗ ಅಚ್ಚಾದ ಕವಿತೆಗಳು ಹತ್ತರ ಆಸುಪಾಸು ಎಂದೂ ಹೇಳಿದೆ.

ಕವಿತೆಯ ಲೆಕ್ಕವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ನಿಜವಾದ ಕುತೂಹಲದಿಂದ ಎದ್ದು ಕೇಳಿದ: ‘ಫಸ್ಟ್ ಪ್ರೈಜ್ ಯಾರಿಗ್ ಬಂತು ಮೇಡಂ?’