ಸೌಟು ಹಿಡಿದ ಕೈ

‘ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು.’ ನಮ್ಮ ಕಡೆಯ ಹೆಂಗಸರು ಈ ಗಾದೆಯನ್ನು ಹೆಚ್ಚಾಗಿ ನೋವಿನಿಂದಲೇ ಆಡುತ್ತಾರೆ. ಬೆಳಗಿನ ಜಾವಕ್ಕೆ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಾವಲಿ ಮುಂದೆ ಬೆಂದವಳು ಒಳಗೇ ಉಳಿಯುತ್ತಾಳೆ. ಎಲೆ ಹಾಕುವ ಹೊತ್ತಿಗೆ ಸೀರೆ ಬದಲಿಸಿ ಬಂದ ಓರಗಿತ್ತಿ ಹೋಳಿಗೆ ಬುಟ್ಟಿ ಹಿಡಿದು ಪಂಕ್ತಿಗೆ ಇಳಿದರೆ, ಉಂಡವರ ಬಾಯಲ್ಲಿ ಅವಳದೇ ಹೆಸರು. ಈ ಸಂಕಟ ಸುಳ್ಳಲ್ಲ, ಇದನ್ನು ಕಣ್ಣಾರೆ ಕಂಡವರೇ ಮಾತನ್ನು ಕಟ್ಟಿರಬೇಕು. ಆದರೆ ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಗೆ ಬಂದವರಿಗೆ ಅಡುಗೆ ಮಾಡಿ ಹಾಕುತ್ತ, ಹೋಟೆಲುಗಳಲ್ಲಿ, ಮದುವೆ ಮನೆಗಳಲ್ಲಿ, ಗೆಳತಿಯರ ಮನೆಗಳಲ್ಲಿ ಉಣ್ಣುತ್ತ ಬಂದ ನನಗೆ ಇದು ಬರೀ ದೂರಿನಂತೆ ಕೇಳಿಸುವುದಿಲ್ಲ. ಅಡುಗೆ ಮುಗಿಯುವುದು ಎಲ್ಲಿ ಎಂದು ಈ ಗಾದೆ ಹೇಳುತ್ತಿದೆ ಅಂತ ನನ್ನ ನಂಬಿಕೆ. ಒಲೆ ಆರಿಸಿದ ಮೇಲೂ ಅಡುಗೆಯ ಒಂದು ಪಾಲು ಬಾಕಿ ಇರುತ್ತದೆ. ಆ ಪಾಲು ಬಡಿಸುವವರ ಕೈಯಲ್ಲಿ ಇರುತ್ತದೆ.

ಕೋಸಂಬರಿಯನ್ನೇ ನೋಡಿ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಒಗ್ಗರಣೆ ಎಲ್ಲವನ್ನೂ ಮೊದಲೇ ಮಾಡಿ ಇಡಬಹುದು. ಉಪ್ಪನ್ನು ಮಾತ್ರ ಎಲೆ ಹಾಕಿದ ಮೇಲೆಯೇ ಬೆರೆಸಬೇಕು. ಅರ್ಧ ಗಂಟೆ ಮೊದಲು ಹಾಕಿದರೆ ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ, ಎಲೆ ತುಂಬ ನೀರು ಹರಿದು ಪಕ್ಕದ ಪಲ್ಯವೂ ಕೆಡುತ್ತದೆ. ಒಂದೆಲಗದ ತಂಬುಳಿಗೆ ಬೆಂಕಿ ತಾಗಬಾರದು, ಅದು ತಣ್ಣಗೆ ಬಂದು ಬಿಸಿ ಅನ್ನದ ಮೇಲೆ ಬೀಳಬೇಕು. ಮಲೆನಾಡಿನ ಅಕ್ಕಿ ರೊಟ್ಟಿಯದು ಇನ್ನೊಂದು ಕತೆ. ಉಕ್ಕರಿಸಿದ ಹಿಟ್ಟನ್ನು ನಾದಿ, ತಟ್ಟಿ, ಕಾವಲಿಯಲ್ಲಿ ಬೇಯಿಸಿ, ಕೆಂಡದ ಮೇಲೆ ಉಬ್ಬಿಸಿದ ರೊಟ್ಟಿಗೆ ಆಯಸ್ಸು ಕೆಲವೇ ನಿಮಿಷ. ಒಲೆಯಿಂದ ತಟ್ಟೆಗೆ ಬಂದ ಕೂಡಲೇ ಬೆಣ್ಣೆ ಇಟ್ಟರೆ ಅದು ಕರಗಿ ಒಳಗೆ ಇಳಿಯುತ್ತದೆ. ಡಬ್ಬಿಯಲ್ಲಿ ಪೇರಿಸಿಟ್ಟು ಎಲ್ಲರೂ ಬರಲಿ ಎಂದು ಕಾದರೆ ಮೇಲಿನದು ಬಿರುಸಾಗುತ್ತದೆ, ಅಡಿಯದು ಹಬೆಗೆ ಅಂಟಿಕೊಳ್ಳುತ್ತದೆ. ಮಾಡಿದವಳ ಕೈ ಎಷ್ಟೇ ಹದವಾಗಿರಲಿ, ಆ ಕೆಲವು ನಿಮಿಷ ಕೈತಪ್ಪಿದರೆ ರೊಟ್ಟಿ ಹೋಯಿತು.

ಮಳೆಗಾಲದ ಅಡುಗೆಗಳಲ್ಲಿ ಬಡಿಸುವವರ ಹೊಣೆ ಇನ್ನೂ ದೊಡ್ಡದು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಹಬೆಯಲ್ಲಿ ಬೇಯಿಸುವುದು ಇದಕ್ಕೇ. ಇಷ್ಟಾದರೂ ಕೆಲವರ ಗಂಟಲು ಕೆರೆಯುತ್ತದೆ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸುವುದೂ ಅದರೊಳಗಿನ ನಂಜು ಬಿಡಲಿ ಎಂದೇ. ಬೆಂಗಳೂರಿನಲ್ಲಿ ಬೆಳೆದ ನೆಂಟರ ಮಕ್ಕಳು ಬಂದಾಗ ನಾನು ಪತ್ರೊಡೆಯ ಸಣ್ಣ ಚೂರನ್ನೇ ಮೊದಲು ಹಾಕುತ್ತೇನೆ. ‘ಇದು ಕೆಸುವಿನ ಎಲೆದು, ಸ್ವಲ್ಪ ತಿಂದು ನೋಡು ಪುಟ್ಟ, ಗಂಟಲಿಗೆ ಏನಾದ್ರೂ ಅನ್ಸಿದ್ರೆ ಬಿಟ್ಬಿಡು’ ಎಂದು ಹೇಳಿ ಅವರ ಮುಖ ನೋಡುತ್ತ ನಿಲ್ಲುತ್ತೇನೆ. ಎಂಥ ರುಚಿಯಾದ ಅಡುಗೆಗೂ ಈ ಎರಡು ಮಾತು ಬೇಕಾಗುತ್ತದೆ, ಆ ಮಾತನ್ನು ಬಡಿಸುವವರೇ ಆಡಬೇಕು.

ಅಡುಗೆಗೆ ನಮ್ಮಲ್ಲಿ ಗ್ರಂಥಗಳಿವೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ 16ನೇ ಶತಮಾನದ ಕನ್ನಡ ಕೃತಿ. ನಮ್ಮ ಜಿಲ್ಲೆಯ ಕೆಳದಿಯ ಅರಸು ಬಸವಪ್ಪ ನಾಯಕ 18ನೇ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಒಂದು ವಿಶ್ವಕೋಶವೇ ಸರಿ, ಅದರಲ್ಲಿ ಪಾಕಶಾಸ್ತ್ರಕ್ಕೂ ಜಾಗವಿದೆ. ಅರಸರೂ ಕವಿಗಳೂ ಅಡುಗೆಯನ್ನು ವಿದ್ಯೆ ಎಂದು ಒಪ್ಪಿದ್ದರು ಎನ್ನುವುದು ಅಡುಗೆಮನೆಯವಳಾದ ನನಗೆ ಹೆಮ್ಮೆಯ ವಿಷಯ. ಬಡಿಸುವ ವಿದ್ಯೆಯನ್ನು ಮಾತ್ರ ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಅದು ನೋಡಿ ಕಲಿತದ್ದು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು, ಉಪ್ಪು ಉಪ್ಪಿನಕಾಯಿ ಮೇಲ್ಭಾಗದಲ್ಲಿ ಕೂರಬೇಕು, ಅನ್ನ ಕೆಳಗೆ. ತುಪ್ಪ ಬರುವ ತನಕ ಯಾರೂ ಕೈ ಹಾಕುವುದಿಲ್ಲ, ಅಂದ ಮೇಲೆ ತುಪ್ಪದವನು ತಡ ಮಾಡುವ ಹಾಗಿಲ್ಲ. ಸಾರು ಹಾಕುವವನು ಅನ್ನದವನ ಹಿಂದೆಯೇ ಇರಬೇಕು, ಅವರಿಬ್ಬರ ನಡುವೆ ಅಂತರ ಬಿದ್ದರೆ ಅನ್ನ ಆರುತ್ತದೆ. ಇದನ್ನೆಲ್ಲ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಹತ್ತು ವರ್ಷದ ಹುಡುಗನ ಕೈಗೆ ಉಪ್ಪಿನ ಬಟ್ಟಲು ಕೊಟ್ಟು ಪಂಕ್ತಿಗೆ ಬಿಡುತ್ತಾರೆ, ಉಪ್ಪಿನಿಂದ ನೀರಿಗೆ, ನೀರಿನಿಂದ ಪಲ್ಯಕ್ಕೆ, ವರ್ಷ ಕಳೆದ ಹಾಗೆ ಹೋಳಿಗೆಗೆ ಅವನು ಬಡ್ತಿ ಪಡೆಯುತ್ತಾನೆ.

ನಮ್ಮ ಆಲ್ಕೊಳದ ಮುಂದೆ ಹಾದು ಸಾಗರದ ಕಡೆಗೆ ಹೋಗುವ ರಸ್ತೆಯೂ ಭದ್ರಾವತಿಯ ನಡುವೆ ಹಾಯುವ ಬಿ.ಎಚ್. ರಸ್ತೆಯೂ ಒಂದೇ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಾದಿ. ಈ ಒಂದು ಹಾದಿಯಲ್ಲೇ ಊಟದ ಕ್ರಮ ಎರಡಾಗುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸಕ್ಕೆಂದು ತಮಿಳರು, ತೆಲುಗರು, ಮಲಯಾಳಿಗಳು ಬಂದು ನೆಲೆಸಿದರು. ನ್ಯೂಟೌನ್, ಪೇಪರ್‌ಟೌನಿನ ಕ್ವಾರ್ಟರ್ಸುಗಳಲ್ಲಿ ಒಂದೇ ಗೋಡೆಯ ಆಚೆ ಈಚೆ ಬೇರೆ ಬೇರೆ ಒಗ್ಗರಣೆ. ನಮ್ಮ ಎಲೆಯಲ್ಲಿ ಮೊದಲು ಸಾರು, ಆಮೇಲೆ ಹುಳಿ. ತಮಿಳರ ಎಲೆಯಲ್ಲಿ ಸಾಂಬಾರು ಮೊದಲು, ರಸಂ ನಂತರ. ಅಲ್ಲಿನ ನನ್ನ ತಮಿಳು ಗೆಳತಿಯ ಮನೆಗೆ ಊಟಕ್ಕೆ ಹೋದರೆ ಆಕೆ ನನ್ನ ಅನ್ನದ ಮೇಲೆ ಮೊದಲು ರಸವನ್ನೇ ಹಾಕುತ್ತಾಳೆ, ಪಕ್ಕದಲ್ಲಿ ಕೂತ ತನ್ನ ಅಣ್ಣನಿಗೆ ಸಾಂಬಾರು ಹಾಕುತ್ತಾಳೆ. ಒಂದೇ ಅಡುಗೆ, ಒಂದೇ ಪಂಕ್ತಿ, ಎರಡು ಕ್ರಮ. ಅವರು ನಮ್ಮಲ್ಲಿಗೆ ಬಂದಾಗ ನಾನೂ ಹಾಗೆಯೇ ತಿರುಗಿಸಿ ಬಡಿಸುತ್ತೇನೆ. ಇದರಲ್ಲಿ ಅಡುಗೆಯ ಕೌಶಲ ಏನೂ ಇಲ್ಲ. ಬಂದವರು ಎಲ್ಲಿಂದ ಬಂದರು, ಏನು ಉಂಡು ಬೆಳೆದರು ಎಂದು ಕೇಳಿ ತಿಳಿದ ಅಕ್ಕರೆ ಅಷ್ಟೆ, ಆದರೆ ಆ ಮನೆಯ ಊಟ ನೆನಪಿನಲ್ಲಿ ಉಳಿದಿರುವುದು ಅದಕ್ಕಾಗಿಯೇ.

ಹೀಗೆ ಬಡಿಸುವವರನ್ನು ಮೇಲಿಟ್ಟು ಮಾತಾಡುವಾಗ ಇನ್ನೊಂದು ಗಾದೆ ಎದುರಿಗೆ ಬಂದು ನಿಲ್ಲುತ್ತದೆ. ‘ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು?’ ಮೊದಲ ಗಾದೆಯ ಮರ್ಮ ಬಿಚ್ಚಿಕೊಳ್ಳುವುದು ಇಲ್ಲಿ. ಬಡಿಸುವವನ ಕೈಯಲ್ಲಿ ಅಧಿಕಾರವಿದೆ. ಕಡುಬಿನ ಜೊತೆ ಕೋಳಿ ಸಾರು ಬಡಿಸುವಾಗ ಸೌಟನ್ನು ತಳಕ್ಕೆ ಬಿಟ್ಟು ತುಂಡು ಎತ್ತುವುದೋ, ಮೇಲಿನ ತಿಳಿಯನ್ನೇ ಸುರಿದು ಮುಂದೆ ಹೋಗುವುದೋ ಅವನಿಗೆ ಬಿಟ್ಟದ್ದು. ಎದುರಿಗೆ ಕೂತವರಿಗೆ ಇದು ಕಾಣದೇ ಇರುವುದಿಲ್ಲ. ಆ ಕ್ಷಣದ ಅವಮಾನ ಮನೆತನಗಳ ನಡುವೆ ತಲೆಮಾರುಗಟ್ಟಲೆ ಉಳಿದದ್ದನ್ನು ಹಳ್ಳಿಗಳಲ್ಲಿ ಕೇಳಿದ್ದೇನೆ. ಯಾರು ಯಾರ ಪಕ್ಕ ಕೂರಬೇಕು, ಯಾರು ಅಂಗಳದಲ್ಲಿ ಕೂರಬೇಕು, ಯಾರಿಗೆ ಮೇಲಿಂದ ಎತ್ತಿ ಹಾಕಬೇಕು ಎಂಬ ಕ್ರೂರ ಲೆಕ್ಕಗಳೆಲ್ಲ ನಡೆದದ್ದು ಬಡಿಸುವ ಜಾಗದಲ್ಲೇ. ಕರ್ನಾಟಕದ ದೇವಸ್ಥಾನಗಳಲ್ಲಿ ಪಂಕ್ತಿಭೇದದ ವಿರುದ್ಧ ನಮ್ಮ ಕಾಲದಲ್ಲೂ ಹೋರಾಟ ಮಾಡಬೇಕಾಯಿತು. 12ನೇ ಶತಮಾನದ ಶರಣರು ದಾಸೋಹವನ್ನು ತಮ್ಮ ಧರ್ಮದ ನಡುವೆ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಆ ಶರಣರ ಪೈಕಿ ಅಲ್ಲಮ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು, ಅಕ್ಕಮಹಾದೇವಿ ಅದೇ ತಾಲ್ಲೂಕಿನ ಉಡುತಡಿಯವಳು. ಅವರ ನೆಲದಲ್ಲೇ ಕೂತು ಉಣ್ಣುವ ನಾವು ಪಂಕ್ತಿಯಲ್ಲಿ ಭೇದ ಮಾಡಿದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ನಮ್ಮ ಅತ್ತೆ ನನಗೆ ಹೇಳಿದ ಮಾತು: ‘ಎಲೆ ನೋಡಿ ಬಡ್ಸು, ಮುಖ ನೋಡಿ ಬಡಿಸ್ಬೇಡ.’ ಎಲೆ ಖಾಲಿಯಾದಲ್ಲಿ ಹಾಕು, ಎಲೆಯ ಹಿಂದೆ ಕೂತವರು ಯಾರೆಂದು ನೋಡಬೇಡ ಎಂದು ಅರ್ಥ. ಬಡಿಸುವ ವಿದ್ಯೆಯ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

ಈ ಕಣ್ಣಿನಿಂದ ನೋಡಿದರೆ ಹೋಟೆಲಿನ ಚರಿತ್ರೆಯೂ ಬೇರೆಯಾಗಿ ಕಾಣುತ್ತದೆ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ, ಈಗ ಎಂಟಿಆರ್ ಎಂದು ಹೆಸರಾದ ಹೋಟೆಲು ಶುರುವಿನಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಆಗಿತ್ತು. ಆ ಕಾಲದ ಹೋಟೆಲುಗಳ ಹೆಸರಿನಲ್ಲೇ ಜಾತಿ ಇರುತ್ತಿತ್ತು. 1951ರಲ್ಲಿ ಯೂರೋಪ್ ನೋಡಿ ಬಂದ ಯಜ್ಞನಾರಾಯಣ ಮಯ್ಯರು ಶುಚಿತ್ವಕ್ಕೆ ಹೊಸ ಶಿಸ್ತು ತಂದರು, ಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡುವ ಹಾಗೆ ಮಾಡಿದರು. ಅಡುಗೆ ಮಾಡುವವನಿಗೂ ಉಣ್ಣುವವನಿಗೂ ನಡುವಿನ ಗೋಡೆ ಬಿದ್ದದ್ದು ದೊಡ್ಡ ಸಂಗತಿ. ಆಮೇಲೆ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಟೋಕನ್ ಕೊಟ್ಟು, ಕೌಂಟರಿನಲ್ಲಿ ತಟ್ಟೆ ಎತ್ತಿಕೊಂಡು, ನಿಂತೇ ತಿನ್ನುವ ಪದ್ಧತಿ ಅಲ್ಲಿಂದ ಶಿವಮೊಗ್ಗದ ಬೀದಿ ಬೀದಿಗೂ ಹರಡಿದೆ. ದರ್ಶಿನಿಯಲ್ಲಿ ಬಡಿಸುವವನಿಲ್ಲ, ಹಾಗಾಗಿ ಬಡಿಸುವವನ ಪಕ್ಷಪಾತವೂ ಇಲ್ಲ. ಇಡ್ಲಿ ಎಲ್ಲರಿಗೂ ಎರಡೇ, ಚಟ್ನಿ ಎಲ್ಲರಿಗೂ ಅಷ್ಟೇ, ಪಕ್ಕದ ಮೇಜಿನವನ ಜಾತಿ ಯಾರಿಗೂ ಬೇಕಿಲ್ಲ. ಕಡಿಮೆ ದುಡ್ಡಿನಲ್ಲಿ ಬಿಸಿಯಾಗಿ, ಸಮನಾಗಿ ಸಿಗುವ ಆ ತಿಂಡಿಯನ್ನು ನಾನು ಗೌರವದಿಂದಲೇ ತಿನ್ನುತ್ತೇನೆ.

ಆದರೂ ಊಟಕ್ಕೆ ಮಾತ್ರ ಬಡಿಸುವವರಿರುವ ಹೋಟೆಲೇ ನನಗೆ ಬೇಕು. ಸ್ಟೀಲಿನ ತಟ್ಟೆಯ ಸುತ್ತ ಹತ್ತು ಬಟ್ಟಲಿಟ್ಟು ಎಲ್ಲವನ್ನೂ ಒಂದೇ ಸಲಕ್ಕೆ ತಂದಿಟ್ಟರೆ ಸಾರು ಹುಳಿಗಳ ಸರತಿಯೇ ಇಲ್ಲವಾಗುತ್ತದೆ. ಪಾಯಸ ಉಣ್ಣುವ ಹೊತ್ತಿಗೆ ಕೆನೆ ಕಟ್ಟಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ಎಲೆ ಊಟದ ಹೋಟೆಲಿನಲ್ಲಿ ಸಾರಿನ ಬಕೆಟ್ಟು ಹಿಡಿದು ಬರುವ ಹಿರಿಯರೊಬ್ಬರು ನನ್ನ ಎಲೆಯಲ್ಲಿ ಅನ್ನದ ನಡುವೆ ಗುಂಡಿ ಮಾಡಿದ್ದನ್ನು ನೋಡಿ ನಿಲ್ಲುತ್ತಾರೆ, ಸಾಕು ಎನ್ನುವ ಮೊದಲೇ ಸೌಟು ಎತ್ತುತ್ತಾರೆ. ಆ ಅಳತೆ ಅವರಿಗೆ ಎಲ್ಲಿಂದ ಬಂತು ಎಂದು ನಾನು ಪ್ರತಿ ಸಲವೂ ಬೆರಗಿನಿಂದ ನೋಡುತ್ತೇನೆ. ಮೊಬೈಲಿನಲ್ಲಿ ತರಿಸಿದ ಊಟದಲ್ಲಿ ಸಾಂಬಾರು ಪ್ಲಾಸ್ಟಿಕ್ ಚೀಲದೊಳಗೆ ಗಂಟು ಹಾಕಿಕೊಂಡು ಬರುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಮದುವೆ ಮಂಟಪಗಳ ಸ್ಥಿತಿ ಮಾತ್ರ ನೋವು ತರುತ್ತದೆ. ಅಡುಗೆ ಭಟ್ಟರು ರಾತ್ರಿಯಿಡೀ ನಿಂತು ಮಾಡಿದ ಊಟ ಚೆನ್ನಾಗಿಯೇ ಇರುತ್ತದೆ. ಬಡಿಸಲು ದಿನಗೂಲಿಗೆ ಬಂದ ಹುಡುಗರು ಮೂರು ಪಂಕ್ತಿ ಮುಗಿಸಬೇಕಾದ ಅವಸರದಲ್ಲಿ ಓಡುತ್ತಿರುತ್ತಾರೆ. ಅನ್ನ ಬಂದರೆ ಸಾರಿಲ್ಲ, ಸಾರು ಬಂತು ಅನ್ನುವಷ್ಟರಲ್ಲಿ ಮಜ್ಜಿಗೆ. ಉಣ್ಣುವವರ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಯವರು ಆಗಲೇ ನಿಂತಿರುತ್ತಾರೆ, ಅವರ ಉಸಿರು ನಮ್ಮ ತಲೆಗೆ ತಾಗುತ್ತಿರುತ್ತದೆ. ಹುಡುಗರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಯಾರೂ ಕಲಿಸಿಲ್ಲ, ಕೊಟ್ಟ ಕೂಲಿಯೂ ಅಷ್ಟಕ್ಕಷ್ಟೆ. ದೋಷ ಆತಿಥೇಯರದು. ಹಿಂದೆ ಮನೆಯ ಯಜಮಾನ ಪಂಕ್ತಿಯ ಉದ್ದಕ್ಕೂ ಕೈಮುಗಿದು ‘ಸಾವಕಾಶ ಆಗ್ಲಿ, ಸಂಕೋಚ ಮಾಡ್ಕೋಬೇಡಿ’ ಎಂದು ಉಪಚಾರ ಹೇಳುತ್ತ ನಡೆಯುತ್ತಿದ್ದ. ಈಗ ಯಜಮಾನರು ವೇದಿಕೆಯ ಮೇಲೆ ಫೋಟೋಕ್ಕೆ ನಿಂತಿರುತ್ತಾರೆ. ಊಟಕ್ಕೆ ಲಕ್ಷಗಟ್ಟಲೆ ಸುರಿಯುವವರು ಅರ್ಧ ಗಂಟೆ ಆ ಸಾಲಿನಲ್ಲಿ ನಡೆದರೆ ಸಾಕು, ಹುಡುಗರ ಓಟ ತಾನಾಗಿ ನಿಲ್ಲುತ್ತದೆ.

ಚಿತ್ರಪಟಗಳಲ್ಲಿ ಅನ್ನಪೂರ್ಣೆಯನ್ನು ನೋಡಿ. ಅವಳ ಮುಂದೆ ಒಲೆ ಇಲ್ಲ. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಸೌಟು, ಎದುರಿಗೆ ಭಿಕ್ಷೆಗೆ ಬಂದ ಶಿವ. ನಮ್ಮ ಹಿರಿಯರು ಅನ್ನದ ದೇವತೆಯನ್ನು ಕಂಡದ್ದು ಬಡಿಸುವ ಭಂಗಿಯಲ್ಲಿ. ಬೇಯಿಸಿದವಳೂ ಅವಳೇ ಎಂದು ಯಾರಿಗೂ ಹೇಳಬೇಕಾಗಿಲ್ಲ. ಗಾದೆ ಇಬ್ಬರನ್ನಾಗಿ ಸೀಳಿದ ಹೆಂಗಸು ಪಟದಲ್ಲಿ ಒಬ್ಬಳೇ ಆಗಿ ನಿಂತಿದ್ದಾಳೆ. ಮಾಡಿದವಳು ಒಳಗೇ ಉಳಿಯದೆ ಸೌಟು ಹಿಡಿದು ಹೊರಗೆ ಬರಲಿ ಎಂದು ನಾನು ಗಾದೆಯನ್ನು ಓದಿಕೊಳ್ಳುವುದು ಈ ಪಟದ ಬಲದಿಂದಲೇ. ತನ್ನ ರೊಟ್ಟಿ ಮುರಿಯುವ ಕೈಯನ್ನು, ತನ್ನ ತಂಬುಳಿ ಕುಡಿದು ತಂಪಾದ ಮುಖವನ್ನು ಅವಳು ನೋಡಬೇಕು. ಉಪ್ಪು ಕಡಿಮೆಯಾಯಿತೇ, ಖಾರ ಮುಂದಾಯಿತೇ ಎನ್ನುವುದು ಅವಳಿಗೆ ಅಲ್ಲಿಯೇ ತಿಳಿಯುತ್ತದೆ.

ಗಾದೆ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಅಡುಗೆ ಮಾಡಿದವಳಿಗೆ ಬಡಿಸುವವರು ಯಾರು? ನಮ್ಮ ತಾಯಂದಿರು ಎಲ್ಲರೂ ಎದ್ದ ಮೇಲೆ, ತಳ ಕಂಡ ಪಾತ್ರೆಯಿಂದ ತಾವೇ ಹಾಕಿಕೊಂಡು, ಆರಿದ್ದನ್ನು ಉಂಡರು. ಬಿಸಿ ರೊಟ್ಟಿಯ ರುಚಿಯನ್ನು ಊರಿಗೆಲ್ಲ ಉಣಿಸಿದವರು ತಾವು ಬಿಸಿ ರೊಟ್ಟಿ ತಿಂದದ್ದು ಕಡಿಮೆ. ನಮ್ಮ ಮನೆಯಲ್ಲಿ ಇದನ್ನು ಬದಲಿಸಿದ್ದೇವೆ. ನೆಂಟರಿರಲಿ, ಬಿಡಲಿ, ಅಂದು ಅಡುಗೆ ಮಾಡಿದವರು ಮೊದಲ ಪಂಕ್ತಿಯಲ್ಲಿ ಕೂರಬೇಕು. ರೊಟ್ಟಿಯ ದಿನ ಕಾವಲಿ ಮುಂದೆ ಪಾಳಿ ಪ್ರಕಾರ ಎಲ್ಲರೂ ನಿಲ್ಲುತ್ತಾರೆ, ನನ್ನ ಗಂಡನ ರೊಟ್ಟಿ ಈಗ ನನ್ನದಕ್ಕಿಂತ ಚೆನ್ನಾಗಿ ಉಬ್ಬುತ್ತದೆ. ಅತ್ತೆಗೆ ಶುರುವಿನಲ್ಲಿ ಇದು ಸರಿ ಕಾಣಲಿಲ್ಲ, ‘ನೀವೆಲ್ಲ ಉಣ್ಣಿ, ನಂದೇನು ಅವಸರ’ ಎನ್ನುತ್ತ ಒಲೆ ಹತ್ತಿರವೇ ಸುಳಿದಾಡುತ್ತಿದ್ದರು. ಈಗ ಕಡುಬಿನ ದಿನ ಅವರೇ ಮೊದಲು ತಟ್ಟೆ ಮುಂದೆ ಕೂರುತ್ತಾರೆ. ಮೊಮ್ಮಗ ಸಾರು ಹಾಕಲು ಬಂದರೆ, ‘ಮೇಲಿಂದು ಬೇಡ ಮಗ, ತಳದಿಂದ ಹಾಕು’ ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ.