ಏಳುವ ಪೈರು, ಕಾಯುವ ಪೈರು

ನೆರೆ ಬಂದಾಗ ಭತ್ತದ ಪೈರಿಗೆ ಇರುವುದು ಎರಡು ದಾರಿ: ನೀರನ್ನು ಮೀರಿ ಏಳುವುದು, ಇಲ್ಲವೇ ನೀರು ಇಳಿಯುವ ತನಕ ಕಾಯುವುದು.

ಅಣೆಕಟ್ಟು ಕಾಣದ ಅಘನಾಶಿನಿ ನದಿ ಕಡಲು ಸೇರುವ ಕುಮಟಾದ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಮೊದಲ ದಾರಿಯದು. ಉಪ್ಪು ನೆಲದಲ್ಲಿ ಬೇರೂರಿ, ಎತ್ತರಕ್ಕೆ ಬೆಳೆದು, ನಿಂತ ನೀರಿನಲ್ಲೂ ತೆನೆ ಬಿಡುತ್ತದೆ. ಒಡಿಶಾದ ಎಫ್‌ಆರ್ 13ಎ ತಳಿ ಎರಡನೆಯ ದಾರಿಯದು. ಮುಳುಗಿದೊಡನೆ ಬೆಳವಣಿಗೆ ತಡೆದು, ಕೂಡಿಟ್ಟ ಸತ್ವ ಉಳಿಸಿಕೊಂಡು, ಎರಡು ವಾರದವರೆಗೂ ಜೀವ ಹಿಡಿದಿರಬಲ್ಲದು. ಈ ಗುಣಕ್ಕೆ ಕಾರಣವಾದ ಸಬ್1ಎ ಎಂಬ ಜೀನನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಅದನ್ನು ಕೂಡಿಸಿದ ಸ್ವರ್ಣ-ಸಬ್1 ತಳಿ 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಕೇರಳದ ಪೊಕ್ಕಾಳಿ ಭತ್ತದಿಂದ ಉಪ್ಪು ತಾಳುವ ಸಾಲ್ಟಾಲ್ ಗುಣವನ್ನೂ ಹೀಗೆಯೇ ಹೊಸ ತಳಿಗಳಿಗೆ ತರಲಾಗಿದೆ.

ನೆರೆಗೆ ವರ್ಷದ ಅನ್ನ ಕಳೆದುಕೊಳ್ಳುವ ಮನೆಗಳಿಗೆ ಇಂಥ ತಳಿಗಳು ದೊಡ್ಡ ಆಸರೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ತಳಿಗಳನ್ನು ರೂಪಿಸಿದವರು ಯಾರು? ಪ್ರಯೋಗಾಲಯ ಆ ಗುಣಗಳನ್ನು ಹುಟ್ಟಿಸಲಿಲ್ಲ. ಹುಡುಕಿ, ಅಧಿಕ ಇಳುವರಿಯ ತಳಿಗೆ ಕೂಡಿಸಿತು. ಅದಕ್ಕೂ ಎಷ್ಟೋ ತಲೆಮಾರು ಮೊದಲು, ಕೆಟ್ಟ ವರ್ಷದಲ್ಲೂ ಉಳಿದ ತೆನೆಯನ್ನು ಬೀಜಕ್ಕೆಂದು ಎತ್ತಿಟ್ಟ ಕೈಗಳಿವೆ. ಇಂದಿನ ಹವಾಮಾನದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ನಮ್ಮ ಪ್ರಶ್ನೆ ಹುಟ್ಟುವ ಮೊದಲೇ ಅವರು ಉತ್ತರಗಳನ್ನು ಕಾಪಾಡಿದ್ದರು.

ಅದೂ ಒಂದಲ್ಲ, ಹಲವು. ಏಳುವುದೂ ಸರಿ, ಕಾಯುವುದೂ ಸರಿ. ಯಾವುದು ಬದುಕಿಸುತ್ತದೆ ಎಂಬುದು ಬಂದ ನೀರಿನ ಮೇಲೆ ನಿಂತಿದೆ. ತಿಂಗಳುಗಟ್ಟಲೆ ನಿಲ್ಲುವ ನೀರಿನಲ್ಲಿ ಕಾಯುವ ಪೈರು ಕೊಳೆಯುತ್ತದೆ; ಹಠಾತ್ತನೆ ಬಂದು ಇಳಿಯುವ ನೆರೆಯಲ್ಲಿ ಏಳುವ ಪೈರು ಸೊರಗಿ ಬೀಳುತ್ತದೆ. ಮುಂದಿನ ಮಳೆ ಹೇಗಿರುತ್ತದೆಂದು ತಿಳಿಯದ ಕಾಲದಲ್ಲಿ ಒಂದೇ ಶ್ರೇಷ್ಠ ತಳಿಯನ್ನು ನಂಬುವುದು ಅಪಾಯ.

ಗಜನಿ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕಗ್ಗ ಒಂಟಿಯಾಗಿ ಬದುಕಿದ್ದಲ್ಲ. ಊರವರು ಕೂಡಿ ಕಾಯುವ ಕಟ್ಟೆ, ಉಬ್ಬರ-ಇಳಿತ ನೋಡಿ ತೆರೆದು ಮುಚ್ಚುವ ಜಂತ್ರಡಿ ಎಂಬ ತೂಬು, ಕೊಯ್ಲಿನ ನಂತರ ಕೂಳೆಯ ನಡುವೆ ಬೆಳೆಯುವ ಸಿಗಡಿ ಮತ್ತು ಮೀನು, ಎಲ್ಲ ಸೇರಿ ಆ ಬೆಳೆ. ವರ್ಷವಿಡೀ ಸಿಗಡಿಯೇ ಸಾಕೆಂದು ಭತ್ತ ಬಿಟ್ಟರೆ ಬೀಜ ಶೀತಗೃಹದಲ್ಲಿ ಉಳಿದೀತು. ಏರುತ್ತಿರುವ ಕಡಲಿನ ಜೊತೆ ವರ್ಷವರ್ಷವೂ ಹೊಂದಿಕೊಳ್ಳುವುದು ಮಾತ್ರ ನಿಂತುಹೋಗುತ್ತದೆ.

ಇಳುವರಿಯನ್ನು ಎಕರೆಗೆ ಇಂತಿಷ್ಟು ಕ್ವಿಂಟಲ್ ಎಂದಷ್ಟೇ ಅಳೆದರೆ ಕಗ್ಗ ಸೋಲುತ್ತದೆ. ಬೇರೇನೂ ಬೆಳೆಯದ ನೆಲದಲ್ಲಿ, ಬೇರೇನೂ ಉಳಿಯದ ವರ್ಷದಲ್ಲಿ ಎಷ್ಟು ಕೈಗೆ ಬಂತು ಎಂದೂ ಅಳೆಯಬೇಕು. ಹಾಗೆ ಅಳೆಯಲು ಕಲಿತ ದಿನ, ತಳಿ ಸಂಶೋಧನೆಗೆ ಹಣ ಕೊಡುವ ಸರ್ಕಾರ ಗಜನಿಯ ಕಟ್ಟೆಗೂ ಕಗ್ಗದ ಬೆಲೆಗೂ ಹಣ ಕೊಡುವುದನ್ನು ಅದೇ ಕೆಲಸದ ಇನ್ನರ್ಧ ಎಂದು ತಿಳಿಯುತ್ತದೆ.